ಒಂದಿಂಚು ತಗ್ಗಿದ ಸ್ಟೂಲು

ಸೆಜ್ಲಿ
17 ಅಕ್ಟೋಬರ್ 2023, ಮಂಗಳವಾರ

ಪ್ರೀತಿಯ ಡೆಸ್,

ನಿನ್ನ ಆಗಸ್ಟ್ ತಿಂಗಳ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು. ಫೋನ್ ಮಾಡಬಾರದೇ ಎಂದು ಗ್ಲೆನಿಸ್ ದಿನಕ್ಕೆರಡು ಸಲ ಚುಚ್ಚುತ್ತಾಳೆ. ಮದುವೆಯಾದಾಗಿನಿಂದ ನನ್ನ ಕಿವುಡು ನೋಡಿದವಳು, ಆದರೂ ಅವಳ ಆಸೆ ಬತ್ತಿಲ್ಲ. ನಿನ್ನ ಎಡಗಿವಿ ಹೋಗಿದೆ, ನನ್ನ ಬಲಗಿವಿ. ನಾವಿಬ್ಬರು ಫೋನಿನಲ್ಲಿ ಮಾತಾಡಿದರೆ ಸಮಾಚಾರ ಬೀದಿಗೆಲ್ಲ ತಿಳಿಯುತ್ತದೆ, ನಮಗಿಬ್ಬರಿಗೆ ಬಿಟ್ಟು. ಅದಕ್ಕೇ ಈ ಕಾಗದ.

ನಿನ್ನ ಮಂಡಿ ಹೇಗಿದೆ? ಸಮುದ್ರದ ಗಾಳಿ ಒಳ್ಳೆಯದೆಂದು ಬಾರ್ಮತ್‌ಗೆ ಹೋಗಿ ಕೂತೆ, ಈಗ ಅದೇ ಗಾಳಿಗೆ ಮೂಳೆ ಕಟಕಟ ಅನ್ನುತ್ತದೆ ಎಂದು ಬರೆದಿದ್ದೀಯ. ನಾಯಿ ಮಾಪ್ಸಿ ಯಾರದೋ ಮೀನಿನ ಪೊಟ್ಟಣ ಕದ್ದ ಕಥೆ ಓದಿ ಗ್ಲೆನಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಗೆ ನೀನು ಬರೆದ ಆ ಸಾಲು ಮಾತ್ರ ನನ್ನನ್ನು ಎರಡು ತಿಂಗಳು ಸುಮ್ಮನಾಗಿಸಿತು: ‘ಆವತ್ತು ಆ ನುಣ್ಣನೆಯ ಬೂಟು ಹಾಕದೇ ಹೋಗಿದ್ದರೆ ಈಗಲೂ ನಿನ್ನ ಜಾಗದಲ್ಲಿ ನಾನೇ ಕೂತಿರುತ್ತಿದ್ದೆ, ಕ್ಲೈವ್.’ ತಮಾಷೆಗೆ ಬರೆದೆ, ಗೊತ್ತು. ನಲವತ್ತೆರಡು ವರ್ಷದಿಂದ ನೀನು ಈ ತಮಾಷೆ ಮಾಡುತ್ತಲೇ ಇದ್ದೀಯ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಡ್ರಾಪ್‌ಫೋರ್ಜ್ ಮತ್ತೆ ಹೊರಟಿದೆ. ನೀನು ಕಟ್ಟಿದ ಬ್ಯಾಂಡು, ನಾನು ಹೊಟ್ಟೆ ಹೊರೆದ ಬ್ಯಾಂಡು. ನವೆಂಬರ್ ಹದಿನಾಲ್ಕಕ್ಕೆ ವೂಲ್ವರ್‌ಹ್ಯಾಂಪ್ಟನ್‌ನಲ್ಲಿ ಶುರು, ಒಟ್ಟು ಇಪ್ಪತ್ತೆರಡು ಊರು. ಪೋಸ್ಟರಿನಲ್ಲಿ ‘ಕೊನೆಯ ಟೂರ್’ ಎಂದು ಹಾಕಿದ್ದಾರೆ. ಹತ್ತು ವರ್ಷದ ಹಿಂದೆಯೂ ಹಾಗೇ ಹಾಕಿದ್ದರು, ಈ ಸಲ ಮೈಯೂ ಅದೇ ಮಾತು ಹೇಳುತ್ತಿದೆ. ನನ್ನ ಬಲಭುಜ ಸರಿಯಿಲ್ಲ. ಹೋದ ವರ್ಷ ಡಾರ್ಟ್ಮಂಡ್‌ನಲ್ಲಿ ಕೊನೆಯ ಎರಡು ಹಾಡು ತೆವಳಿಕೊಂಡು ಹೋದವು. ಹಾಡುವ ರಾಯ್ ನನ್ನ ಕಡೆ ತಿರುಗಿ ನಕ್ಕ. ಅವನು ಸುಮ್ಮಸುಮ್ಮನೆ ನಗುವವನಲ್ಲ, ನಿನಗೇ ಗೊತ್ತಲ್ಲ.

ನಮಗಿಂತ ಮೊದಲು ನುಡಿಸುವವರನ್ನು ಆರಿಸುವ ಕೆಲಸ ಹೋದ ತಿಂಗಳು ಆಯಿತು. ಪದ್ಧತಿ ನೀನು ಹಾಕಿಕೊಟ್ಟದ್ದೇ. ಗಾರ್ನಲ್‌ನ ಅದೇ ಪಬ್ಬಿನ ಹಿಂದಿನ ಕೋಣೆ, ಭಾನುವಾರ ಮಧ್ಯಾಹ್ನ, ಎಲ್ಲರ ಮುಂದೆ ಬಟಾಣಿ-ಬೇಕನ್ ಬಟ್ಟಲು. ಫೋಟೋ ನೋಡುವ ಹಾಗಿಲ್ಲ, ಒಂದೇ ಹಾಡು ಕೇಳಬೇಕು. ಯಾರಾದರೂ ಗ್ಲಾಸು ಬೋರಲು ಹಾಕಿದರೆ ಆ ಬ್ಯಾಂಡ್ ಹೊರಗೆ, ಕುಡಿದರೆ ಒಳಗೆ. ಕೊನೆಯ ಗ್ಲಾಸು ಡ್ರಮ್ ಬಾರಿಸುವವನದು, ಆಗ ನಿನ್ನದು, ಈಗ ನನ್ನದು, ಯಾಕೆಂದರೆ ಬಂದವರ ಡ್ರಮ್ಮು ನಿಲ್ಲುವುದು ಅವನ ಡ್ರಮ್ಮಿನ ಎದುರಿಗೇ.

ಮೊದಲನೆಯವರು ಹಂದಿ ಕೊಯ್ದ ಹಾಗೆ ಕಿರುಚಿದರು. ಎರಡನೆಯವರು ನಿಜವಾಗಿ ಚೆನ್ನಾಗಿದ್ದರು, ಗಿಟಾರಿನ ಡೆನ್ನಿಸ್ ತಕ್ಷಣ ಗ್ಲಾಸು ಬೋರಲು ಹಾಕಿದ.

“ಯಾಕೋ?” ಅಂದೆ.

“ಇವರಾದ್ಮೇಲೆ ನಾವು ಹೋಗಿ ನಿಂತ್ರೆ, ಜನ ‘ತಾತಂದಿರು ಯಾರ್ ಮನೆಯೋರು’ ಅಂತ ಕೇಳ್ತಾರೆ ಕಣೋ. ನಮಗಿಂತ ಕೆಟ್ಟೋರೂ ಬೇಡ, ನಮಗಿಂತ ಒಳ್ಳೇವ್ರೂ ಬೇಡ. ಒಂಚೂರು ಕಮ್ಮಿ ಇರ್ಬೇಕು, ಅಷ್ಟೇ.”

ನಾಲ್ಕನೆಯದು ಟಿನ್ ಚಾಪೆಲ್ ಅಂತ, ವಿಲನ್‌ಹಾಲ್‌ನವರು. ಹಾಡು ಸಾಧಾರಣ. ಆದರೆ ಡ್ರಮ್ಮು! ಅವಸರವಿಲ್ಲ, ಆಡಂಬರವಿಲ್ಲ, ಬಡಗಿ ಮೊಳೆ ಹೊಡೆದ ಹಾಗೆ ಒಂದೊಂದು ಏಟೂ ತಲೆಯ ಮೇಲೇ ಬೀಳುತ್ತಿತ್ತು. ನಾನು ಕಣ್ಣು ಬಿಟ್ಟಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಈ ಸಲ ನೀನೇ ಹೇಳ್ಬಿಡಪ್ಪ. ನಿನ್ ಮಾತೇ ಕೊನೆ,” ಅಂದ ರಾಯ್.

ನಾನು ಗ್ಲಾಸು ಎತ್ತಿ ಗಟಗಟ ಕುಡಿದೆ. ಆರಿಸಿದ್ದಾಯಿತು. ಆಗ ರಾಯ್, “ಇನ್ನೊಂದ್ ಮಾತು. ಅವರು ನಿನ್ ಡ್ರಮ್ಮಲ್ಲೇ ಬಾರಿಸ್ಲಿ, ಏನಂತೀಯಾ? ಎರಡೆರಡು ಸೆಟ್ ಹೊರೋದು ತಪ್ಪುತ್ತೆ,” ಅಂದ. ನಾನು ಹೂಂ ಅಂದೆ. ಪ್ರಪಂಚದಲ್ಲಿ ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಆಗಲೇ ಹೊಳೆಯಬೇಕಿತ್ತು.

ಗ್ಲೆನಿಸ್ ಊಟಕ್ಕೆ ಕರೆಯುತ್ತಿದ್ದಾಳೆ. ಮಿಕ್ಕಿದ್ದು ಆಮೇಲೆ.

ಗುರುವಾರ

ಆಮೇಲೆ ಅಂದವನು ಎರಡು ದಿನ ಪೆನ್ನು ಮುಟ್ಟಲಿಲ್ಲ. ಈಗ ಬರೆಯುತ್ತೇನೆ.

ಹೋದ ವಾರದಿಂದ ಬಿಲ್‌ಸ್ಟನ್‌ನ ಹಳೆಯ ಗೋದಾಮಿನಲ್ಲಿ ತಾಲೀಮು. ಟಿನ್ ಚಾಪೆಲ್ ಬೆಳಿಗ್ಗೆ, ನಾವು ಮಧ್ಯಾಹ್ನ. ಡ್ರಮ್ ಬಾರಿಸುವವಳು ಹುಡುಗಿ ಅಂತ ಆಗಲೇ ನನಗೆ ಗೊತ್ತಾಗಿದ್ದು. ಲಿಯಾನ್ ಪರ್ಸ್ಲೋ, ಇಪ್ಪತ್ತನಾಲ್ಕು ವರ್ಷ, ಹಗಲು ಬೀಗದ ಕಾರ್ಖಾನೆಯಲ್ಲಿ ಕೆಲಸ, ಈ ಟೂರಿಗಾಗಿ ಅದನ್ನು ಬಿಟ್ಟಿದ್ದಾಳೆ. ಎದುರಾದಾಗಲೆಲ್ಲ “ನಮಸ್ಕಾರ, ಮಿಸ್ಟರ್ ಟಾಂಕ್ಸ್” ಅಂದು ತಲೆ ತಗ್ಗಿಸುತ್ತಿದ್ದಳು. ನಾಚಿಕೆಯ ಪ್ರಾಣಿ ಅಂದುಕೊಂಡೆ.

ಸೋಮವಾರ ನಾನು ಹೋಗಿ ಕೂತರೆ ಮಂಡಿ ಎದ್ದು ನಿಂತಿತು. ಸ್ಟೂಲು ಒಂದಿಂಚು ತಗ್ಗಿತ್ತು. ಅದರ ಕಂಬಿಗೆ ನಾನು ಸುತ್ತಿರುವ ಕಪ್ಪು ಟೇಪು ಸುಕ್ಕುಗಟ್ಟಿ ಮೇಲಕ್ಕೆ ಸರಿದಿತ್ತು. ಮೊದಲು ನುಡಿಸುವವರ ಅರ್ಧ ಗಂಟೆಗೆ ಯಾರೂ ಇನ್ನೊಬ್ಬರ ಸ್ಟೂಲು ಇಳಿಸುವುದಿಲ್ಲ, ಹೇಗೋ ಹೊಂದಿಸಿಕೊಳ್ಳುತ್ತಾರೆ. ನಮ್ಮ ಹಾಗೆ ಎರಡು ಗಂಟೆ ಕೂರುವವರು ಮಾತ್ರ ಇಳಿಸಿಕೊಳ್ಳುತ್ತಾರೆ.

ಹಿಂದಿನ ಕೋಣೆಯಿಂದ ಟಪಟಪ ಸದ್ದು ಬರುತ್ತಿತ್ತು, ಯಾರೋ ರಬ್ಬರ್ ಹಲಗೆಯ ಮೇಲೆ ಅಭ್ಯಾಸ ಮಾಡುತ್ತಿದ್ದರು. ಒಳ್ಳೆಯ ಕಿವಿ ಬಾಗಿಲಿಗೆ ಕೊಟ್ಟು ನಿಂತೆ. ನಮ್ಮ ‘ಮೂರನೇ ಪಾಳಿ’ ಹಾಡಿನ ತಾಳ. ಅದು ಮುಗಿದ ಕೂಡಲೇ ‘ಬೂದಿಯ ನಾಲಿಗೆ’, ಅದರ ಬೆನ್ನಿಗೇ ‘ಸರಪಳಿಯೂರು’. ಈ ಟೂರಿನಲ್ಲಿ ಯಾವ ಹಾಡಿನ ಮೇಲೆ ಯಾವುದು ಎಂದು ನಾವು ಪಟ್ಟಿ ಮಾಡಿದ್ದು ಹಿಂದಿನ ಶುಕ್ರವಾರ. ಬ್ಯಾಂಡಿನವರನ್ನು ಬಿಟ್ಟು ಅದು ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ದಬ್ಬಿದೆ. ಅವಳು ದಡಕ್ಕನೆ ಎದ್ದು ನಿಂತಳು.

“ಯಾರಮ್ಮ ನಿನಗೆ ಇದನ್ನ ಕಲಿ ಅಂದಿದ್ದು?”

“ರಾಯ್ ಅವ್ರು. ನಿಮ್ ಭುಜ ಕೈಕೊಟ್ರೆ ನಾನೇ ಕೂರ್ಬೇಕಂತೆ. ಇದಕ್ಕೆ ಒಪ್ಕೊಂಡ್ರೆ ಮಾತ್ರ ನಮ್ ಬ್ಯಾಂಡು ಟೂರಿಗೆ ಅಂದ್ರು.” ಅಷ್ಟಂದವಳು ನನ್ನ ಮುಖ ನೋಡಿ ಬಿಳಿಚಿಕೊಂಡಳು. “ಅಯ್ಯೋ... ನಿಮಗೆ ಹೇಳಿಲ್ವಾ? ನಿಮಗೆಲ್ಲಾ ಗೊತ್ತಿದೆ, ನೀವೇ ನನ್ನನ್ನ ಆರಿಸಿದ್ದು ಅಂದಿದ್ರಲ್ಲ!”

ಆರಿಸಿದ್ದು ನಾನೇ, ಅದು ಸುಳ್ಳಲ್ಲ. ನನ್ನ ಕಿವಿ ಮೇಲೆ ಹೂವಿಟ್ಟು, ನನ್ನ ಜಾಗಕ್ಕೆ ಬರುವವಳನ್ನು ನಾನೇ ಆರಿಸುವಂತೆ ಮಾಡಿದ್ದರು. ಎದೆ ಉರಿದುಹೋಯಿತು, ಡೆಸ್. ಅರವತ್ತೈದರ ಮುದುಕ, ಎಳೆಮಕ್ಕಳ ಹಾಗೆ ಅಳು ಬರುವುದೊಂದು ಬಾಕಿ.

ಆಮೇಲೆ ಆ ಹುಡುಗಿ ಮಾಡಿದ್ದನ್ನು ಕೇಳು. ಕೋಲುಗಳನ್ನು ಹಿಂದಿನ ಜೇಬಿಗೆ ಸಿಕ್ಕಿಸಿಕೊಂಡು ಸೀದಾ ರಾಯ್ ಹತ್ತಿರ ಹೋದಳು. ಅವನು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

“ಇವ್ರಿಗೆ ಗೊತ್ತಿಲ್ದೆ ನಾನು ಇವ್ರ ಜಾಗದಲ್ಲಿ ಕೂರಲ್ಲ. ಇವ್ರು ಬೇಡ ಅಂದ್ರೆ ನಾಳೆಯಿಂದ ಈ ಹಾಡು ಮುಟ್ಟಲ್ಲ. ನಮ್ಮನ್ನ ಟೂರಿಂದ ತೆಗೀತೀರಾ? ತೆಗೀರಿ.”

“ಕೂತ್ಕೊಳೇ ತಾಯಿ, ಕಾರ್ಖಾನೆ ಕೆಲ್ಸಾನೂ ಬಿಟ್ಟಿದೀಯ,” ಅಂದ ರಾಯ್.

“ಬೀಗ ಮಾಡೋಕೆ ಬರುತ್ತೆ ನಂಗೆ. ಮತ್ತೆ ಹೋಗಿ ಮಾಡ್ತೀನಿ.”

ನಾನು ರಾಯ್‌ನನ್ನು ನೋಡಿದೆ. ರಾಯ್ ನನ್ನನ್ನು ನೋಡಿ ಒಂದು ಮಾತಂದ. ಆ ಮಾತನ್ನು ಇಲ್ಲಿ ಬರೆಯಲಾರೆ. ಜಗಳ ಆಡಬೇಕೆಂದು ಹೋದವನು ಹೊರಗೆ ಬಂದು ಕಾಲುವೆಯ ದಂಡೆಯಲ್ಲಿ ಒಂದು ಗಂಟೆ ಕೂತೆ.

ಮನೆಗೆ ಬಂದು ಗ್ಲೆನಿಸ್‌ಗೆ ಎಲ್ಲ ಹೇಳಿದೆ, ಆ ಮಾತನ್ನೂ ಸೇರಿಸಿ. ಅವಳು, “ಆ ಹುಡುಗಿ ಒಂದೇ ನಿಮಿಷದಲ್ಲಿ ಹೇಳ್ಬಿಟ್ಳು ನೋಡು,” ಅಂದಳು. ಅಷ್ಟೇ. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

ನಿನ್ನೆ ಬಿಲ್‌ಸ್ಟನ್‌ಗೆ ಹೋಗಿ ತೀರ್ಮಾನ ಹೇಳಿ ಬಂದೆ. ಮೊದಲ ಒಂಬತ್ತು ಹಾಡು ನನ್ನದು. ಕೊನೆಯ ಆರು ಲಿಯಾನ್‌ದು. ಭುಜ ನೋವು, ಜ್ವರ ಎಂಬ ನೆಪ ಯಾವುದೂ ಬೇಡ. ನಾನೇ ಎದ್ದು ಮೈಕಿನ ಮುಂದೆ ಬಂದು ಅವಳ ಹೆಸರು ಹೇಳಿ ಕೋಲು ಕೊಡುತ್ತೇನೆ. ರಾಯ್ ಮುಖ ಹುಳ್ಳಗೆ ಮಾಡಿಕೊಂಡ. “ಜನ ಏನಂತಾರೋ?” ಅಂದ. “ಕ್ಲೈವ್‌ಗೆ ವಯಸ್ಸಾಯ್ತು ಅಂತಾರೆ. ಆಗಿದೆ ಕಣೋ,” ಅಂದೆ. ಲಿಯಾನ್ ಮಾತ್ರ ಮುಖ ತಿರುಗಿಸಿಕೊಂಡು ಮೂಗು ಒರೆಸಿದಳು.

ಸ್ಟೂಲು ಬಿಡುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ನೀನು ಅದನ್ನು ಇಪ್ಪತ್ತಾರಕ್ಕೇ ಬಿಟ್ಟೆ. ಒಂದು ದಿನವೂ ನನ್ನ ಮೇಲೆ ಮುಖ ಸಿಂಡರಿಸಲಿಲ್ಲ. ನನ್ನ ಮದುವೆಯಲ್ಲಿ ನನ್ನ ಪಕ್ಕ ನಿಂತು ಉಂಗುರ ಎತ್ತಿಕೊಟ್ಟವನು ನೀನೇ.

ವೂಲ್ವರ್‌ಹ್ಯಾಂಪ್ಟನ್‌ಗೆ ಬಾ. ರೈಲು ನಿಲ್ದಾಣಕ್ಕೆ ಗ್ಲೆನಿಸ್ ಕಾರು ತರುತ್ತಾಳೆ. ಮಾಪ್ಸಿಯನ್ನೂ ಕರೆದುಕೊಂಡು ಬಾ, ನಮ್ಮ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರಂತೆ. ನಿನ್ನ ಮಂಡಿ ಈ ಚಳಿಗಾಲವನ್ನು ಸುಖವಾಗಿ ದಾಟಲಿ. ಒಳ್ಳೆಯ ನಿದ್ದೆ ಬರಲಿ, ಹಿತ್ತಲಿನ ಲೀಕ್ ಈರುಳ್ಳಿ ಗಿಡಗಳಿಗೆ ಹುಳ ಹತ್ತದಿರಲಿ. ದೇವರು ನಿನ್ನ ಕೈ ಬಿಡದಿರಲಿ, ಗೆಳೆಯ.

ಎಂದೆಂದಿಗೂ ನಿನ್ನವ,
ಕ್ಲೈವ್

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಇರಲಿಲ್ಲ. ರಾಯ್ ಅಂದದ್ದು ಇದು: “ಯಾಕೋ ಹಂಗ್ ನೋಡ್ತೀಯಾ? ನಿನ್ನನ್ನೂ ಹಿಂಗೇ ತಾನೇ ತಂದಿದ್ದು? ಆವತ್ತು ನೀನ್ ಹೋಗಿ ಡೆಸ್‌ಗೆ ಹೇಳಿದ್ಯಾ?”

ನೀನು ಹ್ಯಾನ್ಲಿಯಲ್ಲಿ ಆ ಬೂಟು ಹಾಕಿಕೊಂಡು ವ್ಯಾನಿನಿಂದ ಜಾರಿ ಮಣಿಕಟ್ಟು ಮುರಿದುಕೊಂಡದ್ದು 1981ರ ಫೆಬ್ರವರಿಯಲ್ಲಿ. ಅದಕ್ಕೆ ಮೂರು ವಾರ ಮೊದಲೇ ರಾಯ್ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ಕೂತು ಅಮ್ಮನ ಕೇಕು ತಿಂದು, ನಿಮ್ಮ ಹದಿನಾಲ್ಕು ಹಾಡು ಕಲಿ ಅಂದಿದ್ದ. ಈಸ್ಟರ್ ಆದಮೇಲೆ ನಿನ್ನನ್ನು ಬ್ಯಾಂಡಿನಿಂದ ತೆಗೆಯುವುದೆಂದು ಆಗಲೇ ಮಾತಾಗಿತ್ತು. ನಾನು ಆಗ ಬಾರಿಸುತ್ತಿದ್ದ ಬ್ಯಾಂಡನ್ನು ನಿಮಗಿಂತ ಮೊದಲು ನುಡಿಸಲು ಕರೆದದ್ದೇ ಅದಕ್ಕೆ. ಗಾರ್ನಲ್‌ನಲ್ಲಿ ಕೊನೆಯ ಗ್ಲಾಸು ನಿನ್ನದು. ‘ಟಾಂಕ್ಸ್ ಹುಡುಗನ ಕೈ ಚೆನ್ನಾಗಿದೆ, ಅವನೇ ಇರಲಿ’ ಎಂದು ನೀನು ಅಂದೆಯಂತೆ. ನಿನಗೆ ಹೇಳಿದ್ದಾರಾ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೇನೋ ಎಂಬ ಭಯ. ದಿಂಬಿನ ಮೇಲೆ ಬಡಿದು ಹದಿನಾಲ್ಕೂ ಕಲಿತೆ. ಆಮೇಲೆ ನೀನು ಬಿದ್ದೆ. ಹೇಳುವ ಕಷ್ಟ ಎಲ್ಲರಿಗೂ ತಪ್ಪಿತು.

ಆ ಬೂಟಿನದೇನೂ ತಪ್ಪಿಲ್ಲ, ಡೆಸ್. ಇನ್ನು ಮೇಲೆ ಅದನ್ನು ಬೈಯಬೇಡ.

ಇದನ್ನು ಓದಿದ ಮೇಲೆ ನೀನು ಬರದಿದ್ದರೆ ನಾನು ಯಾಕೆಂದು ಕೇಳುವುದಿಲ್ಲ. ನಾನು ಇಷ್ಟು ವರ್ಷ ಕೂತದ್ದು ನಿನ್ನ ಸ್ಟೂಲಿನ ಮೇಲೇ, ನೀನು ಕೇಳಲಿಲ್ಲ, ನಾನು ಕೊಡಲಿಲ್ಲ. ನಾವು ಬೇರೆ ಕೊಳ್ಳುತ್ತೇವೆ, ನಿನ್ನದನ್ನು ನಾಳೆ ನಿನಗೆ ಪಾರ್ಸೆಲ್ ಮಾಡುತ್ತೇನೆ. ನಿನ್ನೆ ಮನೆಗೆ ತಂದೆ, ಇವತ್ತು ಬೆಳಿಗ್ಗೆ ಕೂತು ಟೇಪೆಲ್ಲ ಕಿತ್ತೆ. ಎಷ್ಟೆತ್ತರಕ್ಕೆ ಕೂರಬೇಕೆಂದು ನೀನು ಕಂಬಿಯ ಮೇಲೆ ಮೊಳೆಯಿಂದ ಗೀರಿದ ಗೆರೆ ಇನ್ನೂ ಹಾಗೇ ಇದೆ. ನನ್ನ ಎತ್ತರ ನೆನಪಿರಲಿ ಎಂದು ಟೇಪು ಸುತ್ತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದಕ್ಕಲ್ಲ. ಕೂರುವಾಗ ಆ ಗೆರೆ ನನ್ನ ಕಣ್ಣಿಗೆ ಬೀಳಬಾರದು, ಅದಕ್ಕೇ ಸುತ್ತುತ್ತಿದ್ದೆ.