ಹಿಂದಿನ ಸೀಟಿನ ಬ್ರೇಕು

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆಯ ಮಹಾರಾಣಿಯವರ ಸನ್ನಿಧಾನಕ್ಕೆ,

ನಿನ್ನ ಗಂಡನೆಂಬ ಪ್ರಾಣಿಯು ಕೆಳಗಿನ ವರಾಂಡದ ಸ್ಟೀಲ್ ಕುರ್ಚಿಯಲ್ಲಿ ಕೂತು ಅರಿಕೆ ಮಾಡಿಕೊಳ್ಳುವುದೇನೆಂದರೆ, ಬೈಕು ಮಾರಿಯಾಯಿತು. ನೀನು ಅಪ್ಪಣೆ ಕೊಡಿಸಿದ್ದ ಹಾಗೇ, ನಾಳೆ ಬೆಳಿಗ್ಗೆ ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮೊದಲೇ. ಖುದ್ದಾಗಿ ಬಂದು ಹೇಳೋಣವೆಂದರೆ ಭೇಟಿಯ ಹೊತ್ತು ಮುಗಿಯಿತೆಂದು ಸೆಕ್ಯೂರಿಟಿಯವನು ಮೆಟ್ಟಿಲು ಹತ್ತಲು ಬಿಡಲಿಲ್ಲ. "ಪೇಷೆಂಟಿನ ಗಂಡ ಕಣಯ್ಯಾ" ಎಂದೆ. "ಇಲ್ಲಿಗೆ ಬರೋರೆಲ್ಲ ಯಾರದಾದ್ರೂ ಗಂಡಂದಿರೇ ಸಾರ್" ಎಂದ. ಈ ತತ್ವಜ್ಞಾನಕ್ಕೆ ಕೈಮುಗಿದು ಕುರ್ಚಿಗೆ ಮರಳಿದೆ. ನಿಮ್ಮ ವಾರ್ಡಿನ ಸಿಸ್ಟರ್ ಮಾತ್ರ ಕನಿಕರಪಟ್ಟು, ಚೀಟಿ ಬರೆದುಕೊಟ್ಟರೆ ತಲುಪಿಸುತ್ತೇನೆ ಎಂದಿದ್ದಾರೆ. ಚೀಟಿ ಇಷ್ಟುದ್ದ ಬೆಳೆಯುತ್ತದೆಂದು ಪಾಪ ಅವರಿಗೆ ಗೊತ್ತಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಬಾಯಿ ತೆರೆದರೆ ನನಗೆ ಬರುವುದು ಜೋಕು ಮಾತ್ರ. ವಾರವಾರ ನಿನ್ನನ್ನೂ ನಿನ್ನಣ್ಣನನ್ನೂ ಪತ್ರಿಕೆಯಲ್ಲಿ ಗೇಲಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಇವತ್ತು ಬೇರೇನೋ ಹೇಳಬೇಕಾಗಿದೆ, ಅದಕ್ಕೇ ಕಾಗದ.

ಹುಟ್ಟುವಾಗ ಅದು ಓಟಕ್ಕೂ ಸೈ, ದೂರಕ್ಕೂ ಸೈ ಎನ್ನಿಸಿಕೊಂಡ ಸ್ಪೋರ್ಟ್ ಟೂರಿಂಗ್ ಬೈಕು. ನಮ್ಮನೆಗೆ ಬಂದಮೇಲೆ ಅದರ ಹಣೆಬರಹ ಬದಲಾಯಿತು. ಅದು ಮುಂದಕ್ಕೆ ಬಾಗಿ ಓಡಿಸುವ ಗಾಡಿ, ನನ್ನ ಹೊಟ್ಟೆ ಬಾಗಲು ಒಪ್ಪದ್ದು, ಹ್ಯಾಂಡಲ್ ಎತ್ತರಿಸಿದೆವು. ನಿನ್ನ ಕೂದಲು ಹಾರಬಾರದೆಂದು ಮುಂದಿನ ಗಾಜು ದೊಡ್ಡದಾಯಿತು. ಹಿಂದಿನ ಸೀಟು ನಿನಗೆ ಸಾಲದೆಂದು ಸೋಫಾ ಹೊಲಿಯುವವನ ಹತ್ತಿರ ಒಯ್ದು, ಬೆನ್ನಿಗೊಂದು ಒರಗು ಸಮೇತ ಸಿಂಹಾಸನ ಮಾಡಿಸಿದೆವು. ಎರಡು ಪಕ್ಕ ಎರಡು ಪೆಟ್ಟಿಗೆ. "ಸಾರ್, ಇದನ್ನ ಬೈಕು ಅನ್ನಬೇಡಿ, ಎರಡು ಚಕ್ರದ ಸಂಸಾರ ಅನ್ನಿ" ಎಂದಿದ್ದ ಮೆಕ್ಯಾನಿಕ್. ಆ ಸಂಸಾರದಲ್ಲಿ ಹನ್ನೊಂದು ವರ್ಷ ಬೆಟ್ಟ, ಬಯಲು, ಸಮುದ್ರದಂಡೆ ಎಲ್ಲ ಸುತ್ತಿದೆವು. ಇನ್ನು ನಿನ್ನ ಈ ಬೆನ್ನು ಬೈಕು ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ ನೀನು, "ಮಾರಿಬಿಡಿ ರೀ. ಎದ್ದು ಬಂದಮೇಲೆ ಅದು ಕಣ್ಣಿಗೆ ಬಿದ್ರೆ ಹತ್ತಬೇಕು ಅನ್ಸುತ್ತೆ" ಎಂದು ನಕ್ಕೆ. ಎಂಥಾ ಗುಂಡಿಗೆ ಇವಳದ್ದು ಎಂದುಕೊಂಡೆ.

ಮಧ್ಯಾಹ್ನ ಕೊಳ್ಳುವವಳು ಬಂದಳು. ಹೌದು, ಬಂದಳು. ಲಿಫ್ಟ್ ರಿಪೇರಿ ಮಾಡುವ ಹುಡುಗಿ. "ಇಷ್ಟು ದಿನ ಬರೀ ಮೇಲೆ ಕೆಳಗೆ ಓಡಾಡಿದ್ದಾಯ್ತು, ಇನ್ಮೇಲೆ ಉದ್ದಕ್ಕೆ ಹೋಗ್ಬೇಕು ಅಂಕಲ್" ಎಂದಳು. ಆ ಅಂಕಲ್ ಎಂಬುದನ್ನು ಹೇಗೋ ನುಂಗಿಕೊಂಡೆ. ಒಂದು ಸುತ್ತು ಓಡಿಸಿ ನೋಡುತ್ತೇನೆ ಎಂದಳು. ನಿನ್ನಣ್ಣನ ಉಪದೇಶ ಕಿವಿಯಲ್ಲಿತ್ತು: "ಭಾವ, ಕೀ ಕೊಟ್ಟು ಒಬ್ಬರನ್ನೇ ಬಿಟ್ಟೀರಿ ಜೋಕೆ! ಹಾಗೆ ನೋಡ್ಕೊಂಡ್ ಬರ್ತೀನಿ ಅಂತ ಹೋದೋರು ಮೊಮ್ಮಕ್ಕಳ ಮದುವೆಗೂ ವಾಪಸ್ ಬರಲ್ಲ." ಹೀಗಾಗಿ ಘನತೆವೆತ್ತ ಅಂಕಣಕಾರರು, ಜೀವಮಾನದಲ್ಲಿ ಮೊದಲ ಬಾರಿಗೆ, ನಿನ್ನ ಸಿಂಹಾಸನವನ್ನು ಅಲಂಕರಿಸಿದರು.

ನೀರಿನ ಟ್ಯಾಂಕಿನ ಇಳಿಜಾರಿಗೆ ತಿರುಗಿಸಿದಳು. ಹುಡುಗಿ ಚೆನ್ನಾಗಿಯೇ ಓಡಿಸುತ್ತಿದ್ದಳು, ಸುಳ್ಳೇಕೆ ಹೇಳಲಿ. ಆದರೆ ನನಗೆ ಕಾಣುತ್ತಿದ್ದುದು ಅವಳ ಹೆಲ್ಮೆಟ್ಟಿನ ಹಿಂಭಾಗ ಮಾತ್ರ. ತಿರುವು ಯಾವಾಗ ಬರುತ್ತದೆ, ಗೊತ್ತಿಲ್ಲ. ಎದುರಿಗೆ ಲಾರಿಯಿದೆಯೋ ಗೋಡೆಯಿದೆಯೋ, ಗೊತ್ತಿಲ್ಲ. ಬೈಕು ಒಂದು ಪಕ್ಕಕ್ಕೆ ಮಲಗುತ್ತದೆ, ಜೊತೆಗೆ ನಾನೂ ಮಲಗಬೇಕು, ಏಕೆಂದು ಕೇಳುವ ಹಾಗಿಲ್ಲ. ಇಷ್ಟು ವರ್ಷ ಅದೇ ಇಳಿಜಾರಿನಲ್ಲಿ ರಾಜನ ಹಾಗೆ ಇಳಿದವನಿಗೆ, ಅದು ಇಷ್ಟು ಕಡಿದಾಗಿದೆಯೆಂದು ಇವತ್ತು ತಿಳಿಯಿತು. ನನಗೇ ಗೊತ್ತಿಲ್ಲದೆ ಬಲಗಾಲು ಒತ್ತಿಹಿಡಿದಿತ್ತು. ಬ್ರೇಕಿಗೆ. ಇಲ್ಲದ ಬ್ರೇಕಿಗೆ. ಒತ್ತಿದ ಪಾದ ಒಂದು ಗುಳಿಯೊಳಗೆ ಹೋಗಿ ಕೂತಿತು.

ಮನೆಮುಂದೆ ಇಳಿದು, ಪಾದ ಕೂತ ಆ ಗುಳಿ ಯಾವುದೆಂದು ಬಗ್ಗಿ ನೋಡಿದೆ. ನೀನು ಕಾಲಿಡುವ ಕಡೆ, ಎಡಗಡೆಯ ರಬ್ಬರಿನಲ್ಲಿ ಗೆರೆಗಳು ಹೊಸದರಂತೆ ಹಾಗೇ ಇವೆ. ಬಲಗಡೆಯದು ಮುಂದಿನ ಅಂಚಿನಲ್ಲಿ ಕಬ್ಬಿಣ ಕಾಣುವಷ್ಟು ಸವೆದಿದೆ. ಹುಡುಗಿಯೂ ನೋಡಿದಳು.

"ಇದೊಂದು ಬದಲಾಯಿಸ್ಬೇಕು ಅಂಕಲ್. ಹಿಂದೆ ಕೂತೋರು ಪಾಪ ತುಂಬಾ ಬ್ರೇಕ್ ಹೊಡ್ದಿದ್ದಾರೆ."

"ಹಿಂದೆ ಎಲ್ಲಮ್ಮ ಇದೆ ಬ್ರೇಕು?"

"ಇಲ್ಲ ಅಲ್ವಾ? ಅದಕ್ಕೇ ಅಷ್ಟು ಒತ್ತಿರೋದು."

ಅವಳು ನಗುನಗುತ್ತಾ ಬೈಕು ಒಯ್ದಳು. ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿ ಕನ್ನಡಕ ಕೊಡುವವಳೇ, ಎಂಥ ಕುರುಡನನ್ನು ಕಟ್ಟಿಕೊಂಡೆ! ಇಳಿಜಾರು ಬಂದಾಗಲೆಲ್ಲ ನೀನು ಹಿಂದಿನಿಂದ ಕತೆ ಹೇಳುತ್ತಿದ್ದೆ. ಅಂಗಡಿಗೆ ಬಂದ ಗಿರಾಕಿಯ ಕತೆ, ಗಿರಾಕಿಯ ಅತ್ತೆಯ ಕತೆ. ತಿರುವು ಹೆಚ್ಚಾದಷ್ಟೂ ಕತೆ ಉದ್ದವಾಗುತ್ತಿತ್ತು. ಖುಷಿಗೆ ಮಾತು ಬರುತ್ತಿದೆ ಎಂದುಕೊಂಡು ನಾನು ಇನ್ನಷ್ಟು ಜೋರಾಗಿ ಹೋಗುತ್ತಿದ್ದೆ. ನಿಧಾನ ಎಂದು ನೀನು ಒಂದು ದಿನವೂ ಅನ್ನಲಿಲ್ಲವಲ್ಲೇ.

ಈಗ ನಿಜ ಹೇಳು. ನಿನ್ನೆ ವಾರ್ಡಿಗೆ ಸೇರಿದಾಗಿನಿಂದ ನಿನ್ನ ಬಾಯಿ ನಿಂತಿಲ್ಲ. ಪಕ್ಕದ ಹಾಸಿಗೆಯ ಅಜ್ಜಿಯನ್ನು ನಗಿಸಿದೆ. ಅರಿವಳಿಕೆ ಕೊಡುವ ಡಾಕ್ಟರು, ನಾಳೆ ಎಚ್ಚರ ತಪ್ಪುವವರೆಗೆ ಒಂದು, ಎರಡು ಎಂದು ಎಣಿಸಬೇಕಾಗುತ್ತದೆ ಎಂದರೆ, "ಮಗ್ಗಿ ಬೇಕಾದ್ರೂ ಹೇಳ್ತೀನಿ ಸಾರ್" ಎಂದೆ. ಕೋಣೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆ ಹೊತ್ತಿನಲ್ಲಿ ಹೊದಿಕೆಯ ಕೆಳಗೆ ನಿನ್ನ ಬಲಗಾಲು ಏನು ಮಾಡುತ್ತಿತ್ತು?

ನನ್ನದನ್ನು ನಾನು ಹೇಳಿಬಿಡುತ್ತೇನೆ. ಬೆನ್ನುಹುರಿಗೆ ಅಂಟಿಕೊಂಡ ಆ ಗಂಟನ್ನು ತೆಗೆಯುವಾಗ "ಸಾಮಾನ್ಯವಾಗಿ ಕಾಲಿಗೇನೂ ಆಗೋದಿಲ್ಲ" ಎಂದರಲ್ಲ ಡಾಕ್ಟರು, ಆ "ಸಾಮಾನ್ಯವಾಗಿ" ನನ್ನ ಎದೆಯ ಮೇಲೆ ಕೂತಿದೆ. ಅನ್ನ ಇಳಿಯುತ್ತಿಲ್ಲ. ನೀನು ಏಳದಿದ್ದರೆ ಎಂದು ಯೋಚನೆ ಬರುತ್ತದೆ. ಅದನ್ನು ಓಡಿಸಲು ಜೋಕು ಹುಡುಕುತ್ತೇನೆ, ಸಿಗುವುದಿಲ್ಲ. ನನ್ನಂಥವನಿಗೆ ಜೋಕು ಸಿಗದಿದ್ದರೆ ಎಷ್ಟು ಭಯವಾಗಿರಬೇಕು, ನೀನೇ ಲೆಕ್ಕ ಹಾಕು.

ಅದಕ್ಕೆ ಒಂದು ಬೇಡಿಕೆ. ನಾಳೆ ನಿನ್ನನ್ನು ತಳ್ಳಿಕೊಂಡು ಹೋಗುವಾಗ ಯಾರನ್ನೂ ನಗಿಸಬೇಡ. ಆ ಬಾಗಿಲಿನವರೆಗೆ ನಾನು ಪಕ್ಕದಲ್ಲೇ ಇರುತ್ತೇನೆ, ಕೈ ಹಿಸುಕು, ಅಳು ಬಂದರೆ ಅಳು. ಒಳಗೆ ಹೋದಮೇಲೆ, ನನಗೆ ಒಂದು ಸಲವೂ ಹೇಳದೆ ಉಳಿಸಿಕೊಂಡ ಮಾತನ್ನು ಡಾಕ್ಟರಿಗಾದರೂ ಹೇಳು: "ಸಾರ್, ನನಗೆ ಹೆದರಿಕೆ. ಸ್ವಲ್ಪ ನಿಧಾನ."

ನಾಳೆ ಸಂಜೆ ನಿನ್ನ ಬಲಗಾಲು, ಇಷ್ಟು ವರ್ಷದ ಸಿಟ್ಟು ತೀರುವ ಹಾಗೆ ನನ್ನನ್ನು ಒದೆಯುವಷ್ಟು ಗಟ್ಟಿಯಾಗಿರಲಿ ಎಂದು ಹಾರೈಸುತ್ತಾ, ಒದೆಸಿಕೊಳ್ಳಲು ಹಾಸಿಗೆಯ ಬುಡದಲ್ಲೇ ಕಾದಿರುವ,

ನಿನಗಿಂತ ಹೆಚ್ಚು ಹೆದರಿರುವ
ನಿನ್ನವನು