ಚೀಟಿ ಒಂದು, ಚೀಟಿ ಎರಡು

ಜೂನ್ 4, ಬುಧವಾರ. ಬೆಳಿಗ್ಗೆ 11

ಇವತ್ತೂ ಇಬ್ಬರು ಹುತಾತ್ಮರು. ಗವರ್ನರ್‌ಪೇಟೆಯ ನಮ್ಮ ಅಂಗಡಿಯ ಹಿಂದಿನ ಕೋಣೆ. ಕಂಪ್ಯೂಟರಿನ ಪವರ್ ಸಪ್ಲೈಗಳನ್ನು ಸಾಯುವ ತನಕ ದುಡಿಸುವುದು ನಮ್ಮ ಕಸುಬು. ಹಲಗೆಯ ಮೇಲೆ ಕಾರಿನ ಹೆಡ್‌ಲೈಟ್ ಬಲ್ಬುಗಳ ಸಾಲು, ಒಂದೊಂದೂ ಐವತ್ತೈದು ವ್ಯಾಟ್. ನನಗೆ ಕೆಲಸ ಕಲಿಸುವ ಹೈಮಾವತಿಯವರು ಐದು ನಿಮಿಷಕ್ಕೊಂದು ಹೊತ್ತಿಸುತ್ತಾ ಹೋಗುತ್ತಾರೆ. ಡಬ್ಬದ ಮೇಲೆ ಐನೂರು ಎಂದಿದ್ದರೆ ಒಂಬತ್ತು ಬಲ್ಬು ಉರಿಯಲೇಬೇಕು. ಅದಕ್ಕಿಂತ ಹೇರಿದರೆ, ಒಳ್ಳೆಯದು ತಾನೇ ಆಫ್ ಆಗುತ್ತದೆ. ಕೆಟ್ಟದ್ದು — ಢಮ್. ಇಡೀ ಕಂಪ್ಯೂಟರನ್ನೂ ಜೊತೆಗೆ ಕರೆದೊಯ್ಯುತ್ತದೆ.

"ಸಾಯೋದು ತಪ್ಪಲ್ಲ ಅಮ್ಮಾಯಿ. ಪಕ್ಕದವ್ರನ್ನ ಎಳ್ಕೊಂಡು ಸಾಯಬಾರ್ದು, ಅಷ್ಟೇ."

ಅವರ ತವರು ಬಳ್ಳಾರಿ. ಅಂಗಡಿಯಲ್ಲಿ ಕನ್ನಡ ನನ್ನೊಬ್ಬಳ ಜೊತೆ ಮಾತ್ರ. ಮೀಟರ್ ನೋಡುವ ಮೊದಲೇ ಕಿವಿಯಲ್ಲಿ ಹಿಡಿಯುತ್ತಾರೆ. "ಇದು ಏಳಕ್ಕೆ ಅಳ್ತದೆ ನೋಡು." ಏಳಕ್ಕೇ ಅತ್ತಿತು. ಅಡ್ಡಬಿದ್ದೆ. ಅರ್ಧ ನಾಟಕ... ಅರ್ಧ ಅಲ್ಲ.

ಟ್ರೈನಿ ಕುಮಾರಿ ಗಗನಾಳ ಹುದ್ದೆ: ಚೀಟಿ ಮಹಾಮಂತ್ರಿ. ಟೆಸ್ಟಿಗೆ ಮುಂಚೆ ಕಂಪನಿಯ ಸ್ಟಿಕ್ಕರ್ ಕಿತ್ತು ಬರೀ ನಂಬರಿನ ಚೀಟಿ ಅಂಟಿಸಬೇಕು. ಹೆಸರು ಕಂಡರೆ ತನ್ನ ಕೈ ಪಕ್ಷಪಾತ ಮಾಡೀತು ಎಂದು ಅವರಿಗೆ ಭಯ. ಯಾವ ನಂಬರು ಯಾವ ಕಂಪನಿಯದ್ದೆಂದು ಬಲ್ಲವಳು ಜಗತ್ತಿನಲ್ಲಿ ನಾನೊಬ್ಬಳೇ.

ಜೂನ್ 5, ಗುರುವಾರ. ಮಧ್ಯಾಹ್ನ 3

ವೈಜಾಗಿನಲ್ಲಿ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲೇ ಪರೀಕ್ಷೆ ಬರೆಯುವ ಕೇಂದ್ರದಿಂದ ಆರ್ಡರ್. ನಲವತ್ತು ಕಂಪ್ಯೂಟರಿಗೆ ನಲವತ್ತು. ಲಾಟ್ ಒಂದು, ಲಾಟ್ ಎರಡು ಎಂದು ಎರಡು ಕಂಪನಿಯ ಮಾಲು ಬಂದಿದೆ, ಒಂದನ್ನು ಆರಿಸಬೇಕು. ಒಂದೊಂದರಿಂದ ಒಂದೊಂದು ಸ್ಯಾಂಪಲ್. ಘನಗಂಭೀರ ಸಂದರ್ಭ. ಆದ್ದರಿಂದ ಚೀಟಿಗಳನ್ನು ಅದಲು ಬದಲು ಅಂಟಿಸಿದೆ: ಲಾಟ್ ಒಂದರದ್ದಕ್ಕೆ ಚೀಟಿ ಎರಡು, ಲಾಟ್ ಎರಡರದ್ದಕ್ಕೆ ಚೀಟಿ ಒಂದು. ತೀರ್ಪು ಹೊರಬಿದ್ದೊಡನೆ ಸ್ಟೂಲ್ ಹತ್ತಿ, "ಮಹಾಜನಗಳೇ, ಗೆದ್ದವರೇ ಸೋತಿದ್ದಾರೆ" ಎನ್ನುವುದು ಯೋಜನೆ.

ಚೀಟಿ ಎರಡು ಏಳನೇ ಬಲ್ಬಿಗೆ ಹೊಗೆ. ಚೀಟಿ ಒಂದು ಹನ್ನೊಂದು ಹೊತ್ತುಕೊಂಡಿತು, ಹನ್ನೆರಡಕ್ಕೆ ಸದ್ದಿಲ್ಲದೆ ತಾನೇ ಆಫ್. ಹೈಮಾವತಿಯವರು ಅದರ ಬೆನ್ನು ತಟ್ಟಿದರು. "ಮರ್ಯಾದಸ್ಥ."

ಸ್ಟೂಲಿಗೆ ಕಾಲಿಟ್ಟಿದ್ದೆ. ಓನರ್ ರಾಮ್‌ಪ್ರಸಾದ್ ಬಂದರು, ಫೋನ್ ಕಿವಿಯಲ್ಲೇ. "ಏ ಲಾಟು ಅಂಡಿ? ಒಕಟೇನಾ?" ಯಾವ ಲಾಟು, ಒಂದನೆಯದೇನಾ ಎಂದು. ಹೈಮಾವತಿಯವರು ತಲೆಯಾಡಿಸಿ ಸಹಿ ಹಾಕಿದರು. ಹೊರಗೆ ಲೋಡಿಂಗ್ ಶುರುವಾಯಿತು. ಈ ಸಹಿ ಇದ್ದರೆ ಇಪ್ಪತ್ತಾರು ವರ್ಷದಿಂದ ಯಾರೂ ಮತ್ತೆ ಟೆಸ್ಟ್ ಮಾಡಿಲ್ಲ ಎಂದು ಓನರ್ ಫೋನಿನಲ್ಲಿ ಹೊಗಳುತ್ತಿದ್ದರು. ನಾನು ಕಾಲು ಇಳಿಸಿದೆ.

ಸಂಜೆ ಹೇಳಿದರಾಯಿತು.

ಜೂನ್ 12, ಗುರುವಾರ

ಹೇಳಿಲ್ಲ. ಕೆಟ್ಟ ನಲವತ್ತು ವೈಜಾಗಿನ ಕಂಪ್ಯೂಟರುಗಳೊಳಗೆ ಕೂತಿವೆ. ಸೋಮವಾರ ಪರೀಕ್ಷೆ. ಒಂದು ಸುಟ್ಟರೂ ಒಬ್ಬರ ವರ್ಷ ಹೋಯಿತು, ಹೈಮಾವತಿಯವರ ಸಹಿಯೂ ಹೋಯಿತು. ಒಳ್ಳೆಯ ನಲವತ್ತು ಇಲ್ಲೇ ಗೋಡೌನಿನಲ್ಲಿ, ಕಂಪನಿಗೆ ವಾಪಸ್ ಒಯ್ಯುವ ಲಾರಿಗೆ ಕಾಯುತ್ತಿವೆ. ನಾಳೆ ಬರುತ್ತದಂತೆ.

ಭವಾನಿಪುರಂನ ಮನೆಯಲ್ಲಿ ಅಪ್ಪ ಕಾಫಿ ಗುಟುಕರಿಸಿ ಕೇಳಿದರು. "ಒಂದು ವಾರದಿಂದ ನಮ್ಮನೆ ಸಕ್ಕರೆ ಡಬ್ಬೀಲಿ ಸಕ್ಕರೇನೇ ಇದೆ, ಉಪ್ಪಿಲ್ಲ. ಹುಷಾರಿಲ್ವೇನೇ?"

ಜೂನ್ 13, ಶುಕ್ರವಾರ. ಬೆಳಿಗ್ಗೆ 10

ಹೇಳಿದೆ. ನಾಲ್ಕೇ ವಾಕ್ಯ. ಹೈಮಾವತಿಯವರು ಬಲ್ಬು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟರು.

"ಟೆಸ್ಟಿಗೆ ಮುಂಚೇನಾ, ಆಮೇಲಾ?"

"ಮುಂಚೆ."

"ಇವೆರಡೇನಾ? ಹಿಂದೆ ಯಾವಾಗಾದ್ರೂ?"

"ಎರಡೇ. ಆಣೆಗೂ."

"ಆಣೆ ಬೇಡ. ಹೋಗಿ ಲಾರಿ ನಿಲ್ಸು."

ಬಂದು ನೋಡಿದರೆ ವೈಜಾಗಿನ ಕೇಂದ್ರದವರ ಜೊತೆ ಫೋನಿನಲ್ಲಿದ್ದರು. ನನ್ನ ಟೆಸ್ಟ್ ತಪ್ಪಾಗಿದೆ, ಒಂದನ್ನೂ ಆನ್ ಮಾಡಬೇಡಿ, ನಾಳೆ ಬರುತ್ತೇನೆ ಎಂದು ತೆಲುಗಿನಲ್ಲಿ ಹೇಳುತ್ತಿದ್ದರು. ನನ್ನ ಹೆಸರು ಬರಲಿಲ್ಲ. ಬಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಜೂನ್ 15, ಭಾನುವಾರ. ವೈಜಾಗ್, ಸಂಜೆ 5

ನಿನ್ನೆ ರೈಲಿನಲ್ಲಿ ಸೀಟಿನಡಿ ಒಳ್ಳೆಯ ನಲವತ್ತರ ರಟ್ಟಿನ ಪೆಟ್ಟಿಗೆಗಳು, ಇಬ್ಬರ ತೊಡೆಯ ಮೇಲೆ ಅಡ್ಡಲಾಗಿ ಬಲ್ಬಿನ ಹಲಗೆ. ಸಮುದ್ರ ಇದೆಯಂತೆ, ನೋಡಿಲ್ಲ. ಈ ಸಲ ಸ್ಯಾಂಪಲ್ ಇಲ್ಲ. ಹೈಮಾವತಿಯವರು ನಲವತ್ತನ್ನೂ ಒಂಬತ್ತು ಬಲ್ಬಿಗೆ ಹಾಕಿ, ಒಂದೊಂದಕ್ಕೂ ಐದು ನಿಮಿಷ ಕಿವಿಗೊಟ್ಟರು. ಅವರ ಬೆರಳು ಎರಡು ಕಡೆ ಸುಟ್ಟಿದೆ. ಮೂವತ್ತೇಳನೆಯದಕ್ಕೂ ಮೊದಲನೆಯದಕ್ಕೆ ಕೊಟ್ಟಷ್ಟೇ ಗಮನ. ಇಂಥ ಮನುಷ್ಯರನ್ನು ಎಲ್ಲಿ ತಯಾರಿಸುತ್ತಾರೆ?

ಕಂಪ್ಯೂಟರುಗಳಿಂದ ಬಿಚ್ಚಿ ತೆಗೆದವುಗಳಲ್ಲಿ ಒಂದನ್ನು ಕೇಂದ್ರದ ಮುಖ್ಯಸ್ಥ ರಾಮಮೋಹನ್ ಅವರ ಎದುರೇ ಹಚ್ಚಿದರು. ಏಳಕ್ಕೆ ಢಮ್. ಅವರು ಮೂಗು ಮುಚ್ಚಿಕೊಂಡು, ಇನ್ನು ಮೇಲೆ ನಿಮ್ಮ ಸಹಿಯೊಂದೇ ಸಾಲದಮ್ಮಾ, ಇನ್ನೊಬ್ಬರದೂ ಬೇಕು, ಆದದ್ದೆಲ್ಲ ಬರೆದುಕೊಡಿ ಎಂದರು.

"ನ್ಯಾಯವೇ," ಎಂದರು ಹೈಮಾವತಿ.

ನನ್ನ ಬಾಯಿಂದ ಬಂತು. "ಸರ್, ಚೀಟಿ ಬದಲಿಸಿದ್ದು ನಾನು."

ಅವರು ನನ್ನನ್ನಲ್ಲ, ಹೈಮಾವತಿಯವರನ್ನು ನೋಡಿದರು. "ಮೀ ಅಮ್ಮಾಯೇನಾ?" ನಿಮ್ಮ ಹುಡುಗಿಯೇನಾ ಎಂದು.

"ಹೌದು, ನನ್ನವಳೇ. ಅದಕ್ಕೇ ಸಹಿ ನನ್ನದು." ಆ ಹೊತ್ತಿನಲ್ಲಿ ಯಾಕೋ ಕನ್ನಡದಲ್ಲೇ ಹೇಳಿದರು. ರಾಮಮೋಹನ್ ಅವರಿಗೂ ಅರ್ಥವಾಯಿತು.

ಜೂನ್ 16, ಸೋಮವಾರ. ಬೆಳಿಗ್ಗೆ 10.20

ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷ. ಕಾರಿಡಾರಿನ ಬೆಂಚು. ಹೈಮಾವತಿಯವರು ಬಾಗಿಲ ಪಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದ್ದಾರೆ. ಒಳಗೆ ನಲವತ್ತು ಫ್ಯಾನುಗಳ ಒಂದೇ ಉಸಿರು.

ವರದಿ ನಾನೇ ಬರೆಯಬೇಕಂತೆ. ಕನ್ನಡದಲ್ಲಿ ಬರಿ, ತೆಲುಗಿಗೆ ನಾನು ಮಾಡ್ತೀನಿ ಎಂದಿದ್ದಾರೆ. ಬರೆದೆ. "ಸಕಲ ಪರಿಸ್ಥಿತಿಗಳ ವಿಧಿಲಿಖಿತ ಸಂಗಮದಿಂದ ಉದ್ಭವಿಸಿದ ಅಚಾತುರ್ಯವು..." ಒಂದು ಪುಟ. ಪೂರ್ತಿ ಓದಿದರು.

"ಭಾಷೆ ಚಲೋ ಐತೆ. ಇದ್ರಾಗೆ ನೀನೆಲ್ಲಿದ್ದೀ?"

ಹಾಳೆ ತಿರುಗಿಸಿ ಖಾಲಿ ಕಡೆ ಕೊಟ್ಟರು.

ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಜೂನ್ 5ರಂದು ಚೀಟಿ ಬದಲಿಸಿದವಳು ನಾನು, ಗಗನಾ. ಹೈಮಾವತಿಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಎಂಟು ದಿನ ಸುಮ್ಮನಿದ್ದೆ. ಕಾರಣ —