ನೀಲಿ ಕೋಟಿನ ವಿಚಾರ

ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಅವರಿಗೆ ನಮಸ್ಕಾರ.

ಕೆಲಸ ಬಿಟ್ಟವರು ಕೋಟು ಹಿಂತಿರುಗಿಸಬೇಕೆಂದು ಹೇಳಿಕಳಿಸಿದ್ದೀರಿ. ಒಂದನ್ನು ಕೆಲಸ ಬಿಟ್ಟ ದಿನವೇ ಕೊಟ್ಟಿದ್ದೇನೆ. ಇನ್ನೊಂದು ನನ್ನಲ್ಲೇ ಇದೆ.

ಅಮ್ಮನನ್ನು ನೋಡಿಕೊಳ್ಳಲೆಂದೇ ನಾನು ಕೆಲಸ ಬಿಟ್ಟದ್ದು ನಿಮಗೆ ಗೊತ್ತು. ಈಗ ಇಡೀ ದಿನ ಪಕ್ಕದಲ್ಲೇ ಇರುತ್ತೇನೆ, ಆದರೆ ಅವಳಿಗೆ ನನ್ನ ಗುರುತು ಹತ್ತುವುದಿಲ್ಲ. ತುತ್ತು ಹಿಡಿದರೆ, “ನನ್ನ ಮಗಳು ಕೆಲಸದಿಂದ ಬರ್ಲಿ, ಆಮೇಲೆ ಉಣ್ತೀನಿ” ಎಂದು ಮುಖ ತಿರುಗಿಸುತ್ತಾಳೆ. ಅದಕ್ಕೇ ಕೋಟು ತೊಟ್ಟು ಹಿಂಬಾಗಿಲಿನಿಂದ ಹೊರಗೆ ಹೋಗಿ, ಮುಂಬಾಗಿಲಿನಿಂದ ಒಳಗೆ ಬರುತ್ತೇನೆ.

“ಬಂದ್ಯಾ ಮಗಳೇ? ಯಾವಳೋ ಒಬ್ಳು ಬೆಳಗ್ಗೆಯಿಂದ ಇಲ್ಲೇ ಝಾಂಡಾ ಊರಿದಾಳೆ. ಮೊದ್ಲು ಅವಳನ್ನ ಸಾಗಹಾಕು.”

ಸಾಗಹಾಕಿದೆ ಎನ್ನುತ್ತೇನೆ. ಆಮೇಲೆ ಉಣ್ಣುತ್ತಾಳೆ.

ನಿನ್ನೆ ಹಾಲು ಚೆಲ್ಲಿತೆಂದು ಕೋಟು ಒಗೆದೆ. ಊಟದ ಹೊತ್ತಿಗೆ ಒಣಗಿರಲಿಲ್ಲ. ಒದ್ದೆಯಾಗಿದ್ದರೂ ಅದನ್ನೇ ತೊಟ್ಟು ಬಂದೆ. ಅಮ್ಮ ತೋಳು ಮುಟ್ಟಿ ನೋಡಿ, “ಒಣಗಿಹಾಕಿದ್ದ ನನ್ನ ಮಗಳ ಕೋಟು ಕದ್ಯಾ? ಅವಳನ್ನ ಏನು ಮಾಡ್ದೆ?” ಎಂದಳು. ಬಾಗಿಲು ನೋಡುತ್ತಲೇ ಹಸಿದು ಮಲಗಿದಳು.

ಆದ್ದರಿಂದ ಈ ಕೋಟು ನನ್ನಲ್ಲೇ ಇರಲಿ. ಕೊಟ್ಟದ್ದನ್ನೂ ದಯವಿಟ್ಟು ವಾಪಸ್ ಕಳಿಸಿ. ಹರಿದಿದ್ದರೂ ಪರವಾಗಿಲ್ಲ, ಹೊಲಿದುಕೊಳ್ಳುತ್ತೇನೆ.

ಇಂತಿ,
ಕೊನೆಯ ಟೇಬಲಿನಲ್ಲಿ ಡಬ್ಬಿ ಮುಚ್ಚುತ್ತಿದ್ದವಳು